ಮರುಭೂಮಿಯ ನದಿಯಲ್ಲಿ ಒಂದು ದಿನದ ಪಾಠ

ನೀರಿನ ಬಳಿಗೆ ಹೋಗಬೇಡವೆಂಬ ಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ನಾಡಿನಲ್ಲಿ ಅಪರೂಪ. ತಾಯಂದಿರು ಹೇಳುವರು, ಅಜ್ಜಿಯರು ಹೇಳುವರು. ಉಪಾಧ್ಯಾಯಿನಿಯರಾದ ನಾವೂ ಮಕ್ಕಳನ್ನು ವಿಹಾರಕ್ಕೆ ಕರೆದುಕೊಂಡು ಹೊರಡುವಾಗ ಮೊದಲು ಹೇಳುವುದು ಇದನ್ನೇ. ಈ ಮಾತು ಪ್ರೀತಿಯಿಂದ ಹುಟ್ಟಿದ್ದು; ಆದುದರಿಂದ ಅದನ್ನು ಹಗುರವಾಗಿ ಎಣಿಸತಕ್ಕದ್ದಲ್ಲ. ಆದರೆ ಬೇಡವೆಂಬ ಒಂದು ಮಾತಿನಿಂದ ನೀರಿನ ಸ್ವಭಾವವು ಯಾರಿಗೂ ತಿಳಿಯಲಾರದು. ತಿಳಿಯದವಳು ಒಂದು ದಿನ ಅಕಸ್ಮಾತ್ತಾಗಿ ನೀರಿಗೆ ಬಿದ್ದರೆ ಆ ಮಾತು ಅವಳನ್ನು ಮೇಲಕ್ಕೆತ್ತಲಾರದು. ಕಳೆದ ದಸರಾ ರಜೆಯಲ್ಲಿ ಇದನ್ನು ನಾವು ಸ್ವಂತ ಅನುಭವದಿಂದ ಕಲಿತೆವು. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಅವರ ತಂದೆತಾಯಿಗಳ ಮುಂದೆ ಇಡುವುದು ಯುಕ್ತವೆಂದು ತೋರಿದ್ದರಿಂದ ಈ ಪಾಠವನ್ನು ಬರೆದಿದ್ದೇವೆ.

ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನೆವಾಡಾ ಪ್ರಾಂತದಲ್ಲಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ನರ್ಸ್ ಆಗಿ ಕೆಲಸದಲ್ಲಿದ್ದಾಳೆ. ಅವಳ ಕರೆಯ ಮೇರೆಗೆ ಅಲ್ಲಿಗೆ ಹೋಗಿದ್ದ ನಮ್ಮನ್ನು ಅವಳು ಒಂದು ದಿನ ಕೊಲೊರಾಡೊ ನದಿಯ ಬ್ಲ್ಯಾಕ್ ಕ್ಯಾನ್ಯನ್ ಎಂಬ ಕಂದರದಲ್ಲಿ ದೋಣಿಯಾನಕ್ಕೆ ಕರೆದೊಯ್ದಳು.

೧. ಸ್ಥಳದ ವಿವರ

ಕೊಲೊರಾಡೊ ನದಿಯು ರಾಕಿ ಪರ್ವತಗಳಲ್ಲಿ ಹುಟ್ಟಿ, ನೈರುತ್ಯ ದಿಕ್ಕಿಗೆ ಹರಿದು ಕ್ಯಾಲಿಫೋರ್ನಿಯಾ ಕೊಲ್ಲಿಯ ಕಡೆಗೆ ಹೋಗುತ್ತದೆ. ಅದರ ಉದ್ದ ಸುಮಾರು ೧,೪೫೦ ಮೈಲು. ಹೊಲಗಳಿಗೂ ಪಟ್ಟಣಗಳಿಗೂ ಅದರ ನೀರನ್ನು ಎಷ್ಟೊಂದು ತಿರುಗಿಸಿಕೊಂಡಿದ್ದಾರೆಂದರೆ, ಈಗ ಬಹುತೇಕ ವರ್ಷಗಳಲ್ಲಿ ಅದು ಸಮುದ್ರವನ್ನು ಮುಟ್ಟುವುದೇ ಇಲ್ಲ. ಕೊಲೊರಾಡೊ ಎಂದರೆ ಸ್ಪೇನ್ ದೇಶದ ಭಾಷೆಯಲ್ಲಿ ಕೆಂಬಣ್ಣದ್ದು ಎಂದರ್ಥ. ಪೂರ್ವಕಾಲದಲ್ಲಿ ಆ ನದಿಯು ಕೆಮ್ಮಣ್ಣನ್ನು ಹೊತ್ತುಕೊಂಡು ಕದಡಿ ಹರಿಯುತ್ತಿದ್ದುದರಿಂದ ಈ ಹೆಸರು ಬಂತು. ಆದರೆ ನಾವು ಕಂಡ ನೀರು ಕೆಂಪಾಗಿರಲಿಲ್ಲ. ತಳದ ಕಲ್ಲು ಕಾಣುವಷ್ಟು ತಿಳಿಯಾಗಿಯೂ ಆಳದಲ್ಲಿ ಹಚ್ಚ ಹಸುರಾಗಿಯೂ ಇತ್ತು.

ಈ ವ್ಯತ್ಯಾಸಕ್ಕೆ ಕಾರಣವು ಕಂದರದ ತಲೆಯಲ್ಲಿ ನಿಂತಿರುವ ಹೂವರ್ ಅಣೆಕಟ್ಟು. ಅದನ್ನು ೧೯೩೧ರಲ್ಲಿ ಕಟ್ಟಲಾರಂಭಿಸಿದರು. ೧೯೩೫ರ ಸೆಪ್ಟೆಂಬರ್ ೩೦ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟರು ಅದರ ಪ್ರತಿಷ್ಠೆಯನ್ನು ಮಾಡಿದರು. ಆಗ ಅದನ್ನು ಬೋಲ್ಡರ್ ಅಣೆಕಟ್ಟೆಂದು ಕರೆಯುತ್ತಿದ್ದರು. ಈಗಿನ ಹೆಸರು ೧೯೪೭ರಲ್ಲಿ ಸ್ಥಿರವಾಯಿತು. ಅದರ ಎತ್ತರ ೭೨೬ ಅಡಿ. ಅದರ ಹಿಂದೆ ನಿಂತ ನೀರಿಗೆ ಮೀಡ್ ಸರೋವರವೆಂದು ಹೆಸರು. ನದಿಯು ತಂದ ಮಣ್ಣೆಲ್ಲವೂ ಆ ಸರೋವರದಲ್ಲಿ ತಂಗಿಬಿಡುವುದರಿಂದ ಅಣೆಕಟ್ಟಿನ ಕೆಳಗೆ ಬರುವ ನೀರು ತಿಳಿಯಾಗಿರುತ್ತದೆ.

ವಾಚಕರು ಇನ್ನೊಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಏಕೆಂದರೆ ಈ ಪಾಠವೆಲ್ಲವೂ ಅದರ ಮೇಲೆ ನಿಂತಿದೆ. ವಿದ್ಯುಚ್ಛಕ್ತಿಯ ಯಂತ್ರಗಳಿಗೆ ಹೋಗುವ ನೀರನ್ನು ಸರೋವರದ ಮೇಲ್ಭಾಗದಿಂದಲ್ಲ, ಬಿಸಿಲು ತಾಗದ ಆಳದಿಂದ ತೆಗೆಯುತ್ತಾರೆ. ಆದುದರಿಂದ ಅಣೆಕಟ್ಟಿನ ಬುಡದಲ್ಲಿ ಹೊರಡುವ ನೀರು ವರ್ಷವಿಡೀ ಫ್ಯಾರನ್‌ಹೀಟ್ ಸುಮಾರು ೫೫ ಡಿಗ್ರಿ, ಅಂದರೆ ಸೆಂಟಿಗ್ರೇಡಿನಲ್ಲಿ ೧೩ ಡಿಗ್ರಿಯಷ್ಟು ತಣ್ಣಗಿರುತ್ತದೆ. ಅದೇ ಸ್ಥಳದಲ್ಲಿ ಬೇಸಗೆಯ ಗಾಳಿಯ ಶಾಖವು ೧೧೦ ಡಿಗ್ರಿಯನ್ನು ದಾಟುವುದುಂಟು. ಮಳೆಯೋ ವರ್ಷಕ್ಕೆ ಐದಾರು ಅಂಗುಲ ಮಾತ್ರ. ಹೀಗೆ ಒಂದೇ ದೋಣಿಯಲ್ಲಿ ಕುಳಿತವರ ತಲೆಯ ಮೇಲೆ ಕೆಂಡದಂಥ ಬಿಸಿಲು, ಕಾಲ ಕೆಳಗೆ ಮೈ ಕೊರೆಯುವ ತಣ್ಣೀರು.

ಕಂದರದ ಗೋಡೆಗಳು ಕರಿಗೆಂಪು ಬಣ್ಣದವು. ಒಂದು ಕೋಟಿ ವರ್ಷಗಳಿಗೂ ಹಿಂದೆ ಜ್ವಾಲಾಮುಖಿಗಳು ಉಗುಳಿದ ಬೂದಿಯೂ ಕರಗಿದ ಶಿಲೆಯೂ ಗಟ್ಟಿಯಾಗಿ ಆದ ಬಂಡೆಗಳವು. ತರುವಾಯ ನದಿಯು ಅವುಗಳನ್ನು ಕೊರೆದು ದಾರಿ ಮಾಡಿಕೊಂಡಿತು. ನೀರು ಇಳಿಯುವ ದಿಕ್ಕಿಗೆ ಮುಖ ಮಾಡಿದರೆ ಬಲದಂಡೆಯು ನೆವಾಡಾ, ಎಡದಂಡೆಯು ಅರಿಜೋನಾ.

೨. ದೋಣಿಯೂ ಹುಟ್ಟೂ

ನಾವು ಏರಿದ ದೋಣಿಗೆ ಕಯಾಕ್ ಎಂದು ಹೆಸರು. ಉತ್ತರ ಧ್ರುವದ ಬಳಿಯ ಹಿಮಪ್ರದೇಶಗಳಲ್ಲಿ ವಾಸಿಸುವ ಇನೂಯಿಟ್ ಜನರು ಮರದ ಇಲ್ಲವೆ ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಬಿಗಿದು, ಬೇಟೆಗಾಗಿ ಇದನ್ನು ಮೊದಲು ಮಾಡಿದರು. ಈಗಿನವುಗಳನ್ನು ಪ್ಲಾಸ್ಟಿಕ್ಕಿನಿಂದ ಅಚ್ಚು ಹೊಯ್ದು ಮಾಡುತ್ತಾರೆ. ನಮ್ಮ ತುಂಗಭದ್ರೆಯ ಹರಿಗೋಲು ದುಂಡಗಿದ್ದು ತಿರುಗುತ್ತ ಹೋಗುವುದಷ್ಟೆ. ಕಯಾಕ್ ಕಿರಿದಾಗಿಯೂ ಉದ್ದವಾಗಿಯೂ ಇದ್ದು ನೀರನ್ನು ಸೀಳುತ್ತ ನೇರವಾಗಿ ಹೋಗುತ್ತದೆ. ಅದರ ಹುಟ್ಟಿಗೆ ಎರಡು ತುದಿಗಳಲ್ಲಿಯೂ ಅಲಗು ಇರುತ್ತದೆ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೀರನ್ನು ಹಿಂದಕ್ಕೆ ನೂಕಬೇಕು. ತೋಳಿನಿಂದ ಎಳೆದರೆ ಅರ್ಧ ಗಂಟೆಯಲ್ಲಿ ಕೈ ಸೋಲುತ್ತದೆ. ಸೊಂಟದಿಂದ ಮೈಯನ್ನು ತಿರುಗಿಸಿದರೆ ದಿನವೆಲ್ಲ ಸಾಗಬಹುದು. ನಮ್ಮದು ಇಬ್ಬರು ಕೂರುವ ದೋಣಿ. ಅದರ ಮೇಲ್ಭಾಗವು ಮುಚ್ಚಿರದೆ ತೆರೆದಿದ್ದುದರಿಂದ ಮಗುಚಿದರೂ ಕಾಲು ಸಿಕ್ಕಿಕೊಳ್ಳುವ ಭಯವಿರಲಿಲ್ಲ.

೩. ಹೊರಡುವ ಮುಂಚಿನ ಉಪದೇಶ

ಅಣೆಕಟ್ಟಿನ ಬುಡದಿಂದ ವಿಲ್ಲೋ ಬೀಚ್ ಎಂಬ ಇಳಿದಾಣದ ತನಕ ಸುಮಾರು ೧೨ ಮೈಲು. ಆ ಬುಡಕ್ಕೆ ಹೋಗುವ ದಾರಿಯು ಅಣೆಕಟ್ಟಿನ ಕಾವಲಿನೊಳಗೆ ಸೇರಿರುವುದರಿಂದ, ಅಪ್ಪಣೆ ಪಡೆದ ಮಾರ್ಗದರ್ಶಿಗಳ ವ್ಯವಸ್ಥೆಯಿಂದಲ್ಲದೆ ಯಾರೂ ಅಲ್ಲಿ ದೋಣಿಯನ್ನು ಇಳಿಸುವಂತಿಲ್ಲ. ಭಾವಚಿತ್ರವುಳ್ಳ ಗುರುತಿನ ಪತ್ರವನ್ನು ತೋರಿಸಿ ಒಳಗೆ ಹೋಗಬೇಕು.

ನಮ್ಮ ಮಾರ್ಗದರ್ಶಿಯು ಒಬ್ಬ ತರುಣಿ. ಹತ್ತು ವರ್ಷಗಳ ಹಿಂದೆ ನಮ್ಮ ಶಾಲೆಯನ್ನು ಬಿಟ್ಟ ಹುಡುಗಿಯರ ಪ್ರಾಯವಿರಬಹುದು. ಅವಳು ನಮ್ಮೆಲ್ಲರನ್ನು ಮರಳಿನ ಮೇಲೆ ಸಾಲಾಗಿ ನಿಲ್ಲಿಸಿ, ತೇಲಿಸುವ ಜಾಕೆಟ್ಟಿನ ಕೊಂಡಿಗಳನ್ನು ಒಂದೊಂದಾಗಿ ತಾನೇ ಎಳೆದು ನೋಡಿದಳು. ಬಳಿಕ ಉಪದೇಶವನ್ನು ಆರಂಭಿಸಿದಳು: ದೋಣಿಯಲ್ಲಿ ಎದ್ದು ನಿಲ್ಲಬಾರದು. ಕೊಂಡಿಗಳನ್ನು ನೀರಿನ ಮೇಲೆ ಬಿಚ್ಚಬಾರದು. ಮಗುಚಿದರೆ ದೋಣಿಯನ್ನು ಬಿಡಬಾರದು. ಬಾಯಾರುವ ಮುಂಚೆಯೇ ನೀರು ಕುಡಿಯಬೇಕು. ಉಡುಪು ನೀರಿಗೆ ತಕ್ಕಂತಿರಬೇಕು, ಗಾಳಿಗೆ ತಕ್ಕಂತಲ್ಲ. ಅಂದರೆ ಹತ್ತಿಯ ಬಟ್ಟೆಯನ್ನು ಬಿಟ್ಟು ಬೇಗನೆ ಒಣಗುವ ಬಟ್ಟೆಯನ್ನು ಉಡಬೇಕು.

ಇಪ್ಪತ್ತು ವರ್ಷಗಳಿಂದ ಸಾಲಿನ ಮುಂದೆ ನಿಂತು ಮಾತಾಡಿದ ನಮಗೆ ಸಾಲಿನಲ್ಲಿ ನಿಂತು ಕೇಳುವ ಅಭ್ಯಾಸವು ತಪ್ಪಿಹೋಗಿತ್ತು. ಇಷ್ಟು ಶಾಂತವಾದ ನದಿಗೆ ಇಷ್ಟು ನಿಯಮಗಳೇಕೆಂದು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ.

೪. ಕಂದರದೊಳಗೆ

ಬೆಳಿಗ್ಗೆ ಹೊರಟಾಗ ಗೋಡೆಗಳ ನೆರಳು ನದಿಯನ್ನೆಲ್ಲ ಮುಚ್ಚಿತ್ತು. ಹಿಂತಿರುಗಿ ನೋಡಿದರೆ ಅಣೆಕಟ್ಟಿನ ಬಿಳಿಯ ಗೋಡೆ. ನಮಗೂ ಅದಕ್ಕೂ ನಡುವೆ, ನೀರಿನಿಂದ ಸುಮಾರು ೯೦೦ ಅಡಿ ಎತ್ತರದಲ್ಲಿ, ೨೦೧೦ರಲ್ಲಿ ತೆರೆದ ಕಮಾನಿನ ಸೇತುವೆ. ಅದರ ಮೇಲೆ ಹೋಗುವ ಮೋಟಾರುಗಳು ಇರುವೆಗಳಂತೆ ಕಂಡವು.

ಸ್ವಲ್ಪ ದೂರದಲ್ಲಿಯೇ ಬಂಡೆಯೊಳಗೆ ಒಂದು ಕತ್ತಲೆಯ ಸುರಂಗವಿದೆ. ಅಣೆಕಟ್ಟನ್ನು ಕಟ್ಟುವ ಕಾಲದಲ್ಲಿ ಕೊರೆಯಲಾರಂಭಿಸಿ, ಒಳಗೆ ಬಿಸಿನೀರು ಸಿಕ್ಕಿದ್ದರಿಂದ ಅದನ್ನು ಬಿಟ್ಟುಬಿಟ್ಟರೆಂದು ಹೇಳುತ್ತಾರೆ. ಒಳಗೆ ಹೊಕ್ಕರೆ ಅನ್ನ ಬೇಯುವ ಪಾತ್ರೆಯ ಮುಚ್ಚಳ ತೆಗೆದಂತೆ ಹಬೆ ಮುಖಕ್ಕೆ ಬಡಿಯಿತು. ಈ ಕಂದರದಲ್ಲಿ ಅನೇಕ ಬಿಸಿನೀರಿನ ಬುಗ್ಗೆಗಳಿವೆ. ಒಂದಕ್ಕೆ ಸುಮಾರು ೨೦ ಅಡಿಯ ಏಣಿಯನ್ನು ಹತ್ತಿ ಹೋಗಬೇಕು. ಕೊಳದಲ್ಲಿ ಕುಳಿತು ಕಾಲಿನ ನೋವನ್ನು ಕಳೆಯಬಹುದು. ತಲೆಯನ್ನು ಮಾತ್ರ ನೀರಿನೊಳಗೆ ಮುಳುಗಿಸಬಾರದು. ಏಕೆಂದರೆ ಬಿಸಿನೀರಿನಲ್ಲಿ ನೆಗ್ಲೇರಿಯಾ ಎಂಬ ಕಣ್ಣಿಗೆ ಕಾಣದ ಜೀವಿಯಿರಬಹುದು. ಅದು ಮೂಗಿನ ಮೂಲಕ ಮೆದುಳಿಗೆ ಹೋದರೆ ಬದುಕುವವರು ಅತಿ ವಿರಳ. ಅದೇ ನೀರನ್ನು ಕುಡಿದರೆ ಆ ರೋಗವು ಬರುವುದಿಲ್ಲ, ಮೂಗಿಗೆ ಹೋದರೆ ಬರುತ್ತದೆಂದು ನಮ್ಮ ವಿದ್ಯಾರ್ಥಿನಿಯು ವಿವರಿಸಿದಳು. ಅವಳು ವಿವರಿಸುವ ರೀತಿಯಲ್ಲಿ ನಮ್ಮ ವಿಜ್ಞಾನದ ತರಗತಿಯ ನೆನಪಾಗಿ ಸಂತೋಷವಾಯಿತು.

ಬುಗ್ಗೆಯ ಸಮೀಪದಲ್ಲಿ ಬಂಡೆಗೆ ಬಡಿದ ಕಬ್ಬಿಣದ ಬಳೆಯೊಂದನ್ನು ಕಂಡೆವು. ೧೮೬೦ರ ದಶಕದಲ್ಲಿ ಹೊಗೆದೋಣಿಗಳು ಸರಕು ಹೊತ್ತು ಈ ನದಿಯಲ್ಲಿ ಮೇಲಕ್ಕೆ ಬರುತ್ತಿದ್ದವು. ಸೆಳವನ್ನು ಯಂತ್ರದ ಬಲದಿಂದ ಮಾತ್ರ ಗೆಲ್ಲಲಾಗದೆ, ಇಂಥ ಬಳೆಗಳಿಗೆ ಹಗ್ಗ ಕಟ್ಟಿ ಸುತ್ತಿ ಎಳೆದು ದೋಣಿಯನ್ನು ಮುಂದಕ್ಕೆ ತರುತ್ತಿದ್ದರು. ಅದಕ್ಕೂ ಮುಂಚೆ, ೧೮೫೮ರಲ್ಲಿ, ಸೈನ್ಯದ ಲೆಫ್ಟಿನೆಂಟ್ ಜೋಸೆಫ್ ಐವ್ಸ್ ಎಂಬವರು ಎಕ್ಸ್‌ಪ್ಲೋರರ್ ಎಂಬ ಹೊಗೆದೋಣಿಯಲ್ಲಿ ಈ ಕಂದರದ ಬಾಯಿಯ ತನಕ ಬಂದಾಗ ಅದು ಬಂಡೆಗೆ ಬಡಿಯಿತು. ಮುಂದೆ ಅವರು ಚಿಕ್ಕ ದೋಣಿಯಲ್ಲಿ ಹುಟ್ಟುಹಾಕಿಕೊಂಡು ಕಂದರವನ್ನು ಹೊಕ್ಕರು. ಅವರೆಲ್ಲರಿಗಿಂತ ಎಷ್ಟೋ ಕಾಲ ಮುಂಚೆಯೇ ಮೊಹಾವೆ, ಪಾಯೂಟ್, ಹುವಾಲಪೈ ಮೊದಲಾದ ಜನಾಂಗಗಳು ಈ ನದೀಪ್ರಾಂತವನ್ನು ತಮ್ಮ ಮನೆಯಾಗಿ ಬಲ್ಲವರಾಗಿದ್ದರು.

ಮಧ್ಯಾಹ್ನ ಊಟಕ್ಕಾಗಿ ಒಂದು ಮರಳದಂಡೆಯಲ್ಲಿ ಇಳಿದೆವು. ನೀರಿನಿಂದ ಏಳೆಂಟು ಮಾರು ದೂರಕ್ಕೆ ದೋಣಿಗಳನ್ನು ಎಳೆದು, ಬಂಡೆಗೆ ಕಟ್ಟಿಸಿದಳು ಮಾರ್ಗದರ್ಶಿನಿ. ಇದು ಅತಿಯಾಯಿತೆಂದು ನಾವು ಗೊಣಗಿದೆವು. ಊಟ ಮುಗಿಯುವಷ್ಟರಲ್ಲಿ, ದೋಣಿಗಳನ್ನು ಮೊದಲು ನಿಲ್ಲಿಸಿದ್ದ ಸ್ಥಳವು ನೀರಿನೊಳಗೆ ಹೋಗಿತ್ತು. ಮಳೆಯಿಲ್ಲ, ಮೋಡವಿಲ್ಲ, ಆದರೂ ನದಿ ಏರಿತು. ದೂರದ ಪಟ್ಟಣಗಳಲ್ಲಿ ಜನರು ವಿದ್ಯುಚ್ಛಕ್ತಿಯನ್ನು ಹೆಚ್ಚಾಗಿ ಬಳಸುವ ಹೊತ್ತಿಗೆ ಅಣೆಕಟ್ಟಿನಿಂದ ಹೆಚ್ಚು ನೀರನ್ನು ಬಿಡುವರು. ಬಳಕೆ ಇಳಿದಾಗ ಕಡಿಮೆ ಮಾಡುವರು. ಆದಕಾರಣ ಇಲ್ಲಿ ನದಿಯು ಒಂದೇ ದಿನದಲ್ಲಿ ಕೆಲವು ಅಡಿ ಏರಿ ಇಳಿಯುವುದುಂಟು. ಆಕಾಶವನ್ನು ನೋಡಿ ನದಿಯನ್ನು ಅಳೆಯುವ ನಮ್ಮ ಹಳೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ.

೫. ನಮ್ಮ ತಪ್ಪು

ಊಟದ ತರುವಾಯ ಬಿಸಿಲು ನೇರವಾಗಿ ಕಂದರದೊಳಗೆ ಇಳಿಯಿತು. ಬೆವರನ್ನು ತಾಳಲಾರದೆ ನಾವು ಜಾಕೆಟ್ಟಿನ ಕೊಂಡಿಗಳನ್ನು ದಂಡೆಯಲ್ಲಿ ಬಿಚ್ಚಿದ್ದೆವು. ದೋಣಿಯನ್ನೇರುವಾಗ ಹಾಕಿಕೊಳ್ಳಲು ಮರೆತೆವು. ಮಾರ್ಗದರ್ಶಿನಿಯು ಏನೂ ಮಾತಾಡದೆ ಬಂದು, ಮೂರು ಕೊಂಡಿಗಳನ್ನೂ ಹಾಕಿ ಹೋದಳು. ಸಣ್ಣ ತರಗತಿಯ ಮಗುವಿನ ಗುಂಡಿಯನ್ನು ನಾವು ಹಾಕುವಂತೆಯೇ ಆಯಿತು. ಸ್ವಲ್ಪ ನಾಚಿಕೆಯಾಯಿತು, ಸ್ವಲ್ಪ ಸಿಟ್ಟೂ ಬಂತು.

ಅರ್ಧ ಗಂಟೆಯೂ ಆಗಿರಲಿಲ್ಲ. ಕಂದರದ ಕೆಳಗಿನಿಂದ ಎದುರುಗಾಳಿ ಎದ್ದಿತು. ಅದು ಅಲ್ಲಿ ಸಾಮಾನ್ಯ. ನಮ್ಮ ಟೋಪಿಯು ಹಾರಿ ದೋಣಿಯ ಪಕ್ಕದಲ್ಲಿ ಬಿತ್ತು. ಹಿಂದೆ ಕುಳಿತಿದ್ದ ವಿದ್ಯಾರ್ಥಿನಿಯು, "ಬೇಡಿ ಟೀಚರೇ, ಹೋಗಲಿ ಬಿಡಿ," ಎಂದಳು. ನಾವು ಅಷ್ಟರೊಳಗೆ ಅರ್ಧ ಎದ್ದು ಕೈ ಚಾಚಿಯಾಗಿತ್ತು. ದೋಣಿ ಒಂದು ಕಡೆಗೆ ವಾಲಿ, ಇಬ್ಬರನ್ನೂ ನೀರಿಗೆ ಹಾಕಿತು.

ನೀರು ತಣ್ಣಗಿದೆಯೆಂದು ನಮಗೆ ಗೊತ್ತಿತ್ತು. ಬೆಳಿಗ್ಗೆ ಕೈಯದ್ದಿ ನೋಡಿದ್ದೆವು. ಆದರೆ ಎದೆಯ ತನಕ ಮುಳುಗಿದಾಗ ಆದದ್ದು ಬೇರೆ. ಉಸಿರು ನಮ್ಮ ಅಧೀನದಲ್ಲಿ ಇರಲಿಲ್ಲ. ಬಾಯಿ ತಾನಾಗಿ ತೆರೆದು ಗಾಳಿಯನ್ನು ಎಳೆಯಿತು. ಮತ್ತೆ ಮತ್ತೆ ಎಳೆಯಿತು. ಹೊರಗೆ ಬಿಡಲು ಆಗಲಿಲ್ಲ. ಕೂಗಬೇಕೆಂದರೂ ಸ್ವರ ಹೊರಡಲಿಲ್ಲ. ಆ ಕ್ಷಣದಲ್ಲಿ ಮುಖವು ನೀರಿನ ಮೇಲೆ ನಿಂತದ್ದು ನಮ್ಮ ಶಕ್ತಿಯಿಂದಲ್ಲ, ಆ ಮೂರು ಕೊಂಡಿಗಳಿಂದ.

"ಟೀಚರೇ, ಉಸಿರು ಬಿಡಿ! ಈಜಬೇಡಿ, ಮೊದಲು ಉಸಿರು ಬಿಡಿ!" ಎಂದು ಅವಳು ಕೂಗಿದಳು. ದೋಣಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ನಮ್ಮ ಜಾಕೆಟ್ಟಿನ ಹೆಗಲನ್ನು ಹಿಡಿದಿದ್ದಳು. ಹತ್ತನೆಯ ತರಗತಿಯಲ್ಲಿ ಬಾಯಿ ತೆರೆದು ಉತ್ತರ ಹೇಳಲು ಅಂಜುತ್ತಿದ್ದ ಹುಡುಗಿ ಅವಳೇ. ನಾವು ಅವಳ ಮಾತನ್ನು ಕೇಳಿದೆವು. ಸ್ವಲ್ಪ ಹೊತ್ತಿನಲ್ಲಿ ಉಸಿರು ಹದಕ್ಕೆ ಬಂತು. ಅಷ್ಟರಲ್ಲಿ ಮಾರ್ಗದರ್ಶಿನಿಯು ಬಂದು, ತನ್ನ ದೋಣಿಯ ಹಿಂಭಾಗವನ್ನು ಹಿಡಿಯಹೇಳಿ, ನಮ್ಮನ್ನು ದಂಡೆಗೆ ಎಳೆದುಕೊಂಡು ಹೋದಳು. ದಂಡೆಯಲ್ಲಿ ಬಾಟಲಿಯ ಮುಚ್ಚಳವನ್ನು ತೆರೆಯಲು ಹೋದರೆ ಬೆರಳುಗಳು ಮಡಿಯಲೊಲ್ಲವು. ಬೆಳಗಿನಿಂದ ನಾವು ದೂರುತ್ತಿದ್ದ ಅದೇ ಬಿಸಿಲಿನಲ್ಲಿ, ಕಾದ ಬಂಡೆಗೆ ಬೆನ್ನು ಕೊಟ್ಟು ಕುಳಿತೆವು.

ಇನ್ನು ಮುಂದೆ ದೋಣಿ ಬೇಡ, ಇಲ್ಲಿಂದಲೇ ನಡೆದು ಹೋಗುತ್ತೇವೆ ಎಂದೆವು. ಅವಳು ಎರಡು ಕಡೆಯ ಗೋಡೆಗಳನ್ನು ತೋರಿಸಿ ನಕ್ಕಳು. ಗದರಿಸಲಿಲ್ಲ. ಕೊಂಡಿಗಳನ್ನು ಮತ್ತೊಮ್ಮೆ ಎಳೆದು ನೋಡಿದಳು. ಈ ಸಾರಿ ನಾವೇ ಕೈಯೆತ್ತಿ ನಿಂತೆವು.

೬. ತಣ್ಣೀರು ದೇಹಕ್ಕೆ ಮಾಡುವುದೇನು?

ತಣ್ಣೀರಿಗೆ ಬಿದ್ದವರು ಚಳಿಯಿಂದ ಹೆಪ್ಪುಗಟ್ಟಿ ಸಾಯುವರೆಂದು ಅನೇಕರ ಎಣಿಕೆ. ವಾಸ್ತವದಲ್ಲಿ ಅಪಾಯವು ಅದಕ್ಕಿಂತ ಬಹಳ ಮುಂಚೆಯೇ ಬರುತ್ತದೆ. ಕೆನಡಾ ದೇಶದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ಆಚಾರ್ಯರು ಇದನ್ನು "ಒಂದು, ಹತ್ತು, ಒಂದು" ಎಂಬ ಸುಲಭವಾದ ಲೆಕ್ಕದಿಂದ ಕಲಿಸುತ್ತಾರೆ.

ಮೊದಲನೆಯ ಒಂದು ನಿಮಿಷ: ಚರ್ಮಕ್ಕೆ ತಣ್ಣೀರು ತಾಗಿದೊಡನೆ ಉಸಿರು ಏದುತ್ತದೆ, ಹೃದಯ ವೇಗವಾಗಿ ಬಡಿಯುತ್ತದೆ. ಆಗ ತಲೆ ನೀರಿನೊಳಗಿದ್ದರೆ ಗಾಳಿಗೆ ಬದಲಾಗಿ ನೀರು ಒಳಗೆ ಹೋಗುತ್ತದೆ. ಈಜು ಬಲ್ಲವರೂ ಮುಳುಗುವುದು ಹೆಚ್ಚಾಗಿ ಈ ಹೊತ್ತಿನಲ್ಲಿಯೇ. ಆದುದರಿಂದ ಈ ನಿಮಿಷದಲ್ಲಿ ಮಾಡಬೇಕಾದ ಕೆಲಸವು ಒಂದೇ: ಮುಖವನ್ನು ಮೇಲಿಟ್ಟು ಉಸಿರನ್ನು ಹದಕ್ಕೆ ತರುವುದು.

ಮುಂದಿನ ಹತ್ತು ನಿಮಿಷ: ಕೈಕಾಲುಗಳು ಮಾತು ಕೇಳುವ ಕಾಲವಿದು. ದೋಣಿಯನ್ನು ಹಿಡಿಯುವುದು, ದಂಡೆಗೆ ಹೋಗುವುದು, ಹಗ್ಗ ಕಟ್ಟುವುದು, ಎಲ್ಲವನ್ನೂ ಇದರೊಳಗೆ ಮುಗಿಸಬೇಕು. ಬಳಿಕ ನರಗಳು ಮರಗಟ್ಟಿ ಬೆರಳುಗಳು ಹಿಡಿತವನ್ನು ಕಳೆದುಕೊಳ್ಳುತ್ತವೆ.

ಕೊನೆಯ ಒಂದು ಗಂಟೆ: ಇಷ್ಟು ಹೊತ್ತಾದ ಮೇಲೆ ದೇಹದ ಒಳಶಾಖವು ಇಳಿದು ಪ್ರಜ್ಞೆ ತಪ್ಪುತ್ತದೆ.

ಈ ಲೆಕ್ಕವು ಹಿಮದಷ್ಟು ತಣ್ಣಗಿರುವ ನೀರಿಗೆ ಮಾಡಿದ್ದು. ನಾವು ಬಿದ್ದಂಥ ನೀರಿನಲ್ಲಿ ಎರಡನೆಯ ಮತ್ತು ಮೂರನೆಯ ಕಾಲಗಳು ಇನ್ನಷ್ಟು ದೀರ್ಘವಾಗುತ್ತವೆ. ಮೊದಲನೆಯ ನಿಮಿಷದ ಅಪಾಯವಾದರೋ ಅಲ್ಲಿಯೂ ಇರುತ್ತದೆ. ಬಿಸಿಲಿನಲ್ಲಿ ಕಾದ ಮೈ ಒಮ್ಮೆಲೆ ತಣ್ಣೀರಿಗೆ ಬೀಳುವ ಮರುಭೂಮಿಯಲ್ಲಿ ಜನರು ಅದನ್ನು ನಿರೀಕ್ಷಿಸುವುದೇ ಇಲ್ಲ. ಆದ್ದರಿಂದಲೇ ಆ ಶಾಂತವಾದ ನದಿಗೆ ಅಷ್ಟು ನಿಯಮಗಳು.

೭. ಪ್ರಯಾಣದ ಕೊನೆ

ಮತ್ತೆ ದೋಣಿಯನ್ನೇರಿ ಹೋಗುವಾಗ ಎತ್ತರದ ಬಂಡೆಯ ಅಂಚಿನಲ್ಲಿ ಸುರುಳಿಕೊಂಬಿನ ಕಾಡುಕುರಿಗಳು ನಿಂತಿದ್ದವು. ಅವು ಕಡಿದಾದ ಗೋಡೆಯಲ್ಲಿ ಕಾಲು ತಪ್ಪದೆ ಇಳಿದು ನೀರು ಕುಡಿಯುತ್ತವೆ. ಮುಂದೆ ಒಂದು ಚಿಕ್ಕ ಗುಹೆಯಲ್ಲಿ, ಬಿಸಿಲು ನೀರಿಗೆ ಬಿದ್ದು ಮರಳಿ ಬಂಡೆಗೆ ಹೊಮ್ಮಿ, ಗುಹೆಯೆಲ್ಲ ಪಚ್ಚೆಕಲ್ಲಿನಂತೆ ಹೊಳೆಯಿತು. ಜನರು ಅದನ್ನು ಪಚ್ಚೆಯ ಗುಹೆಯೆಂದೇ ಕರೆಯುತ್ತಾರೆ.

ಆ ಪ್ರದೇಶದಲ್ಲಿ ಬಂಡೆಯ ಗೋಡೆಗೆ ಅಂಟಿಸಿದ ಒಂದು ಕಿರಿದಾದ ಕಾಲುದಾರಿಯ ಅವಶೇಷಗಳಿವೆ. ೧೯೩೦ರ ದಶಕದಲ್ಲಿ ನದಿಯ ಮಟ್ಟವನ್ನೂ ವೇಗವನ್ನೂ ಅದು ತರುವ ಹೂಳನ್ನೂ ಅಳೆಯುವ ಕೆಲಸದವನು ಇಲ್ಲಿ ವಾಸವಾಗಿದ್ದನು. ಅವನು ಮನೆಯಿಂದ ನಡೆದು, ಈ ಕಾಲುದಾರಿಯನ್ನು ದಾಟಿ, ತಂತಿಗೆ ತೂಗುಬಿಟ್ಟ ತೊಟ್ಟಿಲಿನಲ್ಲಿ ಕುಳಿತು ನದಿಯ ಮೇಲೆ ಹಾದು ಅಳತೆಯ ಮನೆಗೆ ಹೋಗಬೇಕಾಗಿತ್ತು. ನದಿಯೊಡನೆ ಬದುಕುವವನು ಅದನ್ನು ಅಳೆಯುವುದನ್ನು ನಿಲ್ಲಿಸಲಾರನು ಎಂಬುದನ್ನು ನೀರಿಗೆ ಬಿದ್ದೆದ್ದ ನಮಗೆ ಬೇರೆ ಯಾರೂ ವಿವರಿಸಬೇಕಾಗಿರಲಿಲ್ಲ. ಸಂಜೆಯ ಹೊತ್ತಿಗೆ ವಿಲ್ಲೋ ಬೀಚನ್ನು ಮುಟ್ಟಿದೆವು.

೮. ತಂದೆತಾಯಿಗಳಿಗೆ ಅರಿಕೆ

ನಮ್ಮ ಊರಿನ ಕೆರೆಗಳೂ ಬಾವಿಗಳೂ ಹೊಳೆಗಳೂ ಆ ನದಿಯಷ್ಟು ತಣ್ಣಗಿರುವುದಿಲ್ಲ. ಆದರೂ ಶಾಂತವಾಗಿ ಕಾಣುವ ನೀರು ನಿರಪಾಯವಲ್ಲವೆಂಬುದು ಎಲ್ಲ ಕಡೆಗೂ ಸಲ್ಲುತ್ತದೆ. ಮೇಲಿನಿಂದ ಅಣೆಕಟ್ಟಿನ ನೀರನ್ನು ಬಿಟ್ಟಾಗ ಮಳೆಯಿಲ್ಲದೆ ಹೊಳೆ ಏರುವುದು ನಮ್ಮಲ್ಲಿಯೂ ಉಂಟು. ಹೀಗಿರುವಾಗ, ಹೆಣ್ಣುಮಕ್ಕಳನ್ನು ನೀರಿನಿಂದ ದೂರವಿಡುವುದೊಂದೇ ರಕ್ಷಣೆಯೆಂದು ನಾವು ಇನ್ನು ಮುಂದೆ ಹೇಳಲಾರೆವು. ಆ ದಿನ ನಮ್ಮ ಜೀವವನ್ನು ಉಳಿಸಿದವರು ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ನೀರಿನ ಸ್ವಭಾವವನ್ನು ಕಲಿತವರು. ನಮ್ಮ ವಿದ್ಯಾರ್ಥಿನಿಯು ಈಜನ್ನು ನಮ್ಮ ಶಾಲೆಯಲ್ಲಿ ಕಲಿಯಲಿಲ್ಲ. ಪರದೇಶಕ್ಕೆ ಹೋದ ಮೇಲೆ, ಮೂವತ್ತರ ಪ್ರಾಯದಲ್ಲಿ, ಹಣ ಕೊಟ್ಟು ಕಲಿತಳು. ಇದನ್ನು ಅವಳು ದೂರಾಗಿ ಹೇಳಲಿಲ್ಲ. ನಮಗೆ ಮಾತ್ರ ಅದು ನಾಟಿತು.

ಆದುದರಿಂದ ನಮ್ಮ ಅರಿಕೆ ಇಷ್ಟು. ಮಗಳಿಗೆ ಬೇಡವೆನ್ನುವ ಮುಂಚೆ ಏಕೆ ಬೇಡವೆಂಬುದನ್ನು ತಿಳಿಸಿರಿ. ಅನುಕೂಲವಿದ್ದಲ್ಲಿ ತಿಳಿದವರ ಕೈಯಲ್ಲಿ ಈಜನ್ನು ಕಲಿಸಿರಿ. ದೋಣಿಯನ್ನೇರುವಾಗ, ದೂರವು ಹತ್ತು ಮಾರಾದರೂ ಸರಿ, ತೇಲಿಸುವ ಜಾಕೆಟ್ಟನ್ನು ಕೇಳಿ ತೊಡಿಸಿರಿ. ಅದರ ಕೊಂಡಿಗಳನ್ನು ಹಾಕಿಸಿರಿ. ಟೋಪಿಯೋ ಚಪ್ಪಲಿಯೋ ನೀರಿಗೆ ಬಿದ್ದರೆ ಹೋಗಲಿ ಎನ್ನಲು ಕಲಿಸಿರಿ. ದಾರಿ ಬಲ್ಲವರು ಪ್ರಾಯದಲ್ಲಿ ಕಿರಿಯರಾದರೂ ಅವರ ಮಾತಿಗೆ ಕಿವಿಗೊಡಿರಿ.

ಮನೆಯಲ್ಲಿ ಮಕ್ಕಳೊಡನೆ ವಿಚಾರಿಸತಕ್ಕ ಪ್ರಶ್ನೆಗಳು:

(ಅ) ಬಿಸಿಲಿನ ನಾಡಿನಲ್ಲಿ ನದಿಯ ನೀರು ಅಷ್ಟು ತಣ್ಣಗಿರುವುದೇಕೆ?
(ಆ) ಮಳೆಯಿಲ್ಲದೆ ನದಿಯು ಏರುವುದು ಹೇಗೆ?
(ಇ) ತಣ್ಣೀರಿಗೆ ಬಿದ್ದವರು ಮೊದಲನೆಯ ನಿಮಿಷದಲ್ಲಿ ಮಾಡತಕ್ಕದ್ದೇನು?
(ಈ) ನಮ್ಮ ಊರಿನಲ್ಲಿ ಶಾಂತವಾಗಿ ಕಂಡರೂ ಅಪಾಯವುಳ್ಳ ನೀರು ಎಲ್ಲಿದೆ? ಅದರ ಸ್ವಭಾವವನ್ನು ಬಲ್ಲವರು ಯಾರು?

ನಾಲ್ಕನೆಯ ಪ್ರಶ್ನೆಯ ಉತ್ತರವನ್ನು ಮಕ್ಕಳು ಬರೆದು ಶಾಲೆಗೆ ತಂದುಕೊಟ್ಟರೆ ನಾವು ಸಂತೋಷದಿಂದ ಓದುವೆವು.